ಮೊದಲು ಅಜ್ಜಿಯ ಹತ್ತಿರ ಕೂರು

ಪ್ರೀತಿಯ ಮಗಳೇ,

ನಿನ್ನ ಮೆಸೇಜು ಓದಿದೆ. ಆಫೀಸಿನ ಗೆಳತಿಯರೆಲ್ಲ ಸೇರಿ ನವೆಂಬರ್ ಒಂದನೇ ತಾರೀಖಿಗೆ ಶುರುಮಾಡಿ ಮೂವತ್ತರೊಳಗೆ ತಲಾ ಒಂದು ಕಾದಂಬರಿ ಮುಗಿಸುವುದೆಂದು ಪಣ ತೊಟ್ಟಿದ್ದಾರೆ. ನೀನಿನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ‘ದೊಡ್ಡಪ್ಪ, ಇದು ನನ್ನ ಕೈಲಿ ಆಗೋ ಕೆಲಸಾನಾ?’ ಎಂದು ಕೇಳಿದ್ದೀಯ. ವಾರಪತ್ರಿಕೆಯೊಂದರಲ್ಲಿ ಕೂತು ಅರ್ಧ ಆಯುಷ್ಯ ಬೇರೆಯವರ ಕಾದಂಬರಿ ಓದಿದವನು ನಾನು. ಎರಡು ಸಾಲಿನ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಪೂರ್ತಿ ಓದು.

ಆಗುತ್ತದೆ, ಮಗಳೇ. ಅದರಲ್ಲಿ ನನಗೆ ಅನುಮಾನವಿಲ್ಲ. ಶಾಲೆಯಲ್ಲಿದ್ದಾಗಿನಿಂದ ನಿನ್ನ ಬರವಣಿಗೆ ನೋಡಿದ್ದೇನೆ, ಹಿಡಿದ ಕೆಲಸ ಬಿಡುವ ಜಾಯಮಾನ ನಿನ್ನದಲ್ಲ. ಆದರೆ ಆಗುತ್ತದೆ ಎನ್ನುವ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಬೇಕೇ? ನಿನ್ನ ಮನಸ್ಸಿನಲ್ಲಿರುವ ಕಥೆ ಈಗ ಬರೆಸಿಕೊಳ್ಳುವ ಹದಕ್ಕೆ ಬಂದಿದೆಯೇ? ನನ್ನ ಯೋಚನೆಯೆಲ್ಲ ಇದರ ಸುತ್ತ.

ಈ ಪಣದ ಹುಟ್ಟು ಅಮೆರಿಕದ್ದು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ 21 ಜನ, ಕ್ರಿಸ್ ಬೇಟಿ ಎಂಬ ತರುಣನ ಮುಂದಾಳುತನದಲ್ಲಿ, ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ನೋಡೋಣ ಎಂದು ಕೂತರು. ಮರುವರ್ಷ ಅದು ನವೆಂಬರಿಗೆ ಬಂತು, ಆಮೇಲೆ ಲೋಕವೆಲ್ಲ ಹಬ್ಬಿತು. 50,000 ಪದ, ದಿನಕ್ಕೆ 1,667. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಆದರೂ ಪದ್ಧತಿ ಉಳಿದುಕೊಂಡಿದೆ. ಆ ತಿಂಗಳ ಕರಡುಗಳಿಂದ ಒಳ್ಳೆಯ ಪುಸ್ತಕ ಬಂದದ್ದೂ ನಿಜ. ಎರಿನ್ ಮಾರ್ಗನ್‌ಸ್ಟರ್ನ್ ಬರೆದ ‘ದಿ ನೈಟ್ ಸರ್ಕಸ್’ ಹಾಗೆಯೇ ಶುರುವಾಯಿತು. ಆದರೆ ಅದು 2011ರಲ್ಲಿ ಅಚ್ಚಾಗುವ ಮೊದಲು ಆಕೆ ಅದನ್ನು ವರ್ಷಗಟ್ಟಲೆ ತಿದ್ದಿ, ಒಡೆದು, ಮತ್ತೆ ಕಟ್ಟಿದ್ದರು.

ಇನ್ನೊಂದು ಲೆಕ್ಕ ನಿನ್ನ ಗೆಳತಿಯರಿಗೂ ಹೇಳು. ಆ 50,000 ಇಂಗ್ಲಿಷಿನ ಅಳತೆ. ನಮ್ಮಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲ ಪದಕ್ಕೇ ಅಂಟಿಕೊಂಡು ಬರುತ್ತವೆ. ಅವರು ನಾಲ್ಕು ಪದದಲ್ಲಿ ಹೇಳಿದ್ದನ್ನು ನಾವು ಎರಡರಲ್ಲೋ ಒಂದರಲ್ಲೋ ಮುಗಿಸುತ್ತೇವೆ. ಕನ್ನಡದಲ್ಲಿ ಬರೆಯುವವರು 30ರಿಂದ 35 ಸಾವಿರ ಪದ ಇಟ್ಟುಕೊಂಡರೆ ಅವರಷ್ಟೇ ದೊಡ್ಡ ಪುಸ್ತಕವಾಗುತ್ತದೆ. 50,000ವೇ ಬೇಕೆಂದು ಹಟ ಹಿಡಿದರೆ, ಅಚ್ಚಿನ ಪುಟಕ್ಕೆ 250 ಪದ ಹಿಡಿದರೂ 200 ಪುಟ. ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವವಳು, ತಿಂಗಳ ಕೊನೆಗೆ ರಿಲೀಸ್ ಎಂದು ಶನಿವಾರವೂ ಆಫೀಸಿಗೆ ಹೋಗುವವಳು, ಈ ಲೆಕ್ಕ ನೋಡಿಯೇ ಮುಂದೆ ಯೋಚಿಸಬೇಕು. ನಿದ್ದೆಗೆಟ್ಟು ಬರೆದದ್ದು ಓದುವವರಿಗೆ ಗೊತ್ತಾಗುತ್ತದೆ.

ಬೇಗ ಬರೆದದ್ದು ಕೀಳು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರ ಮಾತನ್ನು ನಂಬಲೂ ಬೇಡ. ದಾಸ್ತೋವ್ಸ್ಕಿಯ ಸಂಗತಿ ನಿನಗೆ ಗೊತ್ತಿರಬಹುದು. ಸಾಲದ ಹೊಡೆತಕ್ಕೆ ಸಿಕ್ಕಿ ಸ್ಟೆಲೊವ್ಸ್ಕಿ ಎಂಬ ಪ್ರಕಾಶಕನೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ 9 ವರ್ಷ ಅವನು ಬರೆದದ್ದನ್ನೆಲ್ಲ ಒಂದು ಕಾಸೂ ಕೊಡದೆ ಅಚ್ಚು ಹಾಕುವ ಹಕ್ಕು ಆ ಪ್ರಕಾಶಕನಿಗೆ. ಅಕ್ಟೋಬರ್ ಬಂದರೂ ಒಂದು ಪುಟ ಆಗಿರಲಿಲ್ಲ, ಅತ್ತ ಅವನದೇ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬರುತ್ತಿತ್ತು. ಆಗ ಶೀಘ್ರಲಿಪಿ ಬಲ್ಲ ಅನ್ನಾ ಎಂಬ ಹುಡುಗಿಯನ್ನು ಕರೆಸಿಕೊಂಡು, ಹಗಲು ಅವಳಿಗೆ ಹೇಳಿ ಬರೆಸುತ್ತಾ, 26 ದಿನದಲ್ಲಿ ‘ದಿ ಗ್ಯಾಂಬ್ಲರ್’ ಮುಗಿಸಿದ. ಅದೇ ಅನ್ನಾ ಮುಂದೆ ಅವನ ಹೆಂಡತಿಯಾದಳು. ಈ ಕಥೆ ಹೇಳುವವರೆಲ್ಲ 26 ದಿನದ ಹತ್ತಿರವೇ ನಿಲ್ಲುತ್ತಾರೆ. ಜೂಜುಕೋರನೊಬ್ಬನ ಕಥೆ ಬರೆಯಬೇಕೆಂದು ಅವನು 1863ರಲ್ಲೇ ಗೆಳೆಯನಿಗೆ ಪತ್ರ ಬರೆದಿದ್ದ. ಜರ್ಮನಿಯ ಜೂಜುಕಟ್ಟೆಗಳಲ್ಲಿ ಕೂತು, ಇದ್ದದ್ದನ್ನೆಲ್ಲ ಕಳೆದುಕೊಂಡು, ಗೆದ್ದವರ ಮುಖ ಸೋತವರ ಮುಖ ಎರಡನ್ನೂ ನೋಡಿ ಬಂದವನು. ಕೈ ಓಡಿದ್ದು 26 ದಿನ, ಒಳಗೆ ಕೂಡಿಟ್ಟದ್ದು ಮೂರು ವರ್ಷದ್ದು.

ನಮ್ಮವರಲ್ಲೂ ಹಾಗೆಯೇ. ಕಾರಂತರು ಕಾದಂಬರಿ ಬರೆಯಲು ಕೂತರೆ ಬಹಳ ಬೇಗ ಮುಗಿಸುತ್ತಿದ್ದರು. ಆದರೆ 1933ರ ‘ಚೋಮನ ದುಡಿ’ಗೆ ಮೊದಲು ದಕ್ಷಿಣ ಕನ್ನಡದ ಹಳ್ಳಿಹಳ್ಳಿ ತಿರುಗಿದ, ಕೇರಿಯವರ ಬದುಕನ್ನು ಹತ್ತಿರದಿಂದ ಕಂಡ ವರ್ಷಗಳಿದ್ದವು. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ‘ಸಂಸ್ಕಾರ’ ಬರೆದರು, 1965ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ಚಳಿಯಲ್ಲಿ ಅವರ ಕೈಗೆ ಬಂದದ್ದು ತೀರ್ಥಹಳ್ಳಿ ಸೀಮೆಯ ಬಾಲ್ಯ. ಎಂ.ಕೆ. ಇಂದಿರಾ ಅವರ ಹೆಸರನ್ನು ನಿನಗಾಗಿಯೇ ಎತ್ತುತ್ತಿದ್ದೇನೆ. ಹುಟ್ಟಿದ್ದು 1917, ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963. ತಮ್ಮ ಮನೆತನದ ಹಿರಿಯ ವಿಧವೆಯೊಬ್ಬರ ಬದುಕನ್ನು ಕೇಳಿ ಬೆಳೆದವರು ಅದನ್ನು ‘ಫಣಿಯಮ್ಮ’ ಎಂದು ಪುಸ್ತಕ ಮಾಡಿದ್ದು 1976ರಲ್ಲಿ, ಅರವತ್ತರ ಹತ್ತಿರ. ‘ಈ ವರ್ಷ ಬರೆಯದಿದ್ದರೆ ನಾನು ಯಾವತ್ತೂ ಬರೆಯಲಾರೆ’ ಎಂದಿದ್ದೀಯಲ್ಲ, ಇಪ್ಪತ್ತೇಳಕ್ಕೆ ಆ ಭಯ ಬೇಡ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರದ್ದು, ‘ಮಲೆಗಳಲ್ಲಿ ಮದುಮಗಳು’ 1967ರದ್ದು. ಅವರು ಬರೆದದ್ದು ಆ ಎರಡೇ ಕಾದಂಬರಿ.

ನನ್ನ ಮೇಜಿಗೆ ಬಂದ ಹಸ್ತಪ್ರತಿಗಳ ಮಾತು ಹೇಳುತ್ತೇನೆ, ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಕಾದಂಬರಿ ಸ್ಪರ್ಧೆಗೆ ಬಂದದ್ದರ ಮೊದಲ ಓದು ನನ್ನ ಪಾಲಿಗೆ ಬರುತ್ತಿತ್ತು. ಫುಲ್‌ಸ್ಕೇಪ್ ಹಾಳೆಯ ಕಟ್ಟುಗಳು, ದಾರ ಕಟ್ಟಿ, ಮೇಲೆ ರಟ್ಟು ಹಾಕಿ ಕಳಿಸಿದವು. ಮೊದಲ ಮೂರು ಅಧ್ಯಾಯ ಹೆಚ್ಚುಕಡಿಮೆ ಎಲ್ಲರದೂ ಚೆನ್ನಾಗಿರುತ್ತಿತ್ತು. ಮಳೆ ಇರುತ್ತಿತ್ತು, ಮನೆ ಇರುತ್ತಿತ್ತು, ಊರಿಗೆ ಮರಳಿ ಬರುವ ಮಗ ಇರುತ್ತಿದ್ದ. ಅಕ್ಷರ ದುಂಡಗೆ, ಚಿತ್ತಿಲ್ಲದೆ. ಐದನೆಯ ಅಧ್ಯಾಯದ ಹೊತ್ತಿಗೆ ಕಾಫಿ ಶುರುವಾಗುತ್ತಿತ್ತು. ಯಾರೋ ಬರುತ್ತಾರೆ, ಕಾಫಿ ಕೊಡುತ್ತಾರೆ, ಲೋಟ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಾರೆ. ಮುಂದಿನ ಅಧ್ಯಾಯದಲ್ಲಿ ಇನ್ನೊಬ್ಬರ ಮನೆ, ಮತ್ತೆ ಕಾಫಿ. ಮುಂದೇನು ಎಂದು ಬರೆಯುವವರಿಗೆ ತಿಳಿಯದೆ ಹೋದಲ್ಲೆಲ್ಲ ಲೋಟ ಕಾಣಿಸಿಕೊಳ್ಳುತ್ತಿತ್ತು. ಪ್ರತಿಭೆಯ ಕೊರತೆ ಎಂದು ನನಗೆ ಅನ್ನಿಸಲಿಲ್ಲ. ಆ ಮಗ ಯಾವ ಕೆಲಸ ಮಾಡುತ್ತಾನೆ, ಸಂಬಳ ಎಷ್ಟು, ಯಾರಿಗೆ ಸಾಲ ಕೊಡಬೇಕು, ತಂಗಿಯ ಮದುವೆಗೆ ಯಾವ ತೋಟ ಅಡವಿಟ್ಟ, ಇದನ್ನೆಲ್ಲ ಬರೆಯುವವರು ಕೇಳಿಕೊಂಡಿರಲೇ ಇಲ್ಲ. ತಿಳಿದದ್ದು ಮುಗಿದ ಜಾಗದಲ್ಲಿ ಕಥೆ ನಿಲ್ಲುತ್ತದೆ.

ಅದೇ ಕಟ್ಟುಗಳ ನಡುವೆ ಒಮ್ಮೆ ಬಸ್ ಕಂಡಕ್ಟರ್ ಒಬ್ಬರ ಹಸ್ತಪ್ರತಿ ಬಂತು. ಕಾಗುಣಿತ ತಪ್ಪು, ಒತ್ತಕ್ಷರ ಎಲ್ಲೆಂದರಲ್ಲಿ. ರಾತ್ರಿ ಬಸ್ಸು ಡಿಪೋ ಸೇರಿದ ಮೇಲೆ ಒಬ್ಬ ಕಂಡಕ್ಟರ್ ಚೀಲವನ್ನು ಸಿಮೆಂಟಿನ ಕಟ್ಟೆಯ ಮೇಲೆ ಸುರಿದು ಚಿಲ್ಲರೆ ಎಣಿಸುತ್ತಾನೆ. ವೇ ಬಿಲ್ಲಿಗೂ ಹಣಕ್ಕೂ ತಾಳೆಯಾಗುವುದಿಲ್ಲ, ಹನ್ನೊಂದು ರೂಪಾಯಿ ಕಮ್ಮಿ. ಟಿಕೆಟ್ ಕಟ್ಟಿನ ನಂಬರು ಮತ್ತೆ ನೋಡುತ್ತಾನೆ. ಯಾವ ಸ್ಟಾಪಿನಲ್ಲಿ ಯಾರಿಗೆ ಚಿಲ್ಲರೆ ಹೆಚ್ಚು ಕೊಟ್ಟೆ ಎಂದು ಇಡೀ ದಾರಿಯನ್ನು ಹಿಂದಿನಿಂದ ಮುಂದಕ್ಕೆ ನೆನಪು ಮಾಡಿಕೊಳ್ಳುತ್ತಾನೆ, ಹಾಗೆ ನೆನೆಯುತ್ತಾ ಅವತ್ತು ಬಸ್ಸು ಹತ್ತಿದ ಒಬ್ಬೊಬ್ಬರ ಕಥೆಯೂ ಬಿಚ್ಚಿಕೊಳ್ಳುತ್ತದೆ. ಆ ಕಾದಂಬರಿಯಲ್ಲಿ ಕಥೆ ಎಲ್ಲೂ ನಿಲ್ಲಲಿಲ್ಲ. ಕಾಗುಣಿತ ನಾವು ತಿದ್ದಿಕೊಂಡೆವು, ಧಾರಾವಾಹಿಯಾಗಿ ಬಂತು, ಓದುಗರು ಮುಂದಿನ ಕಂತಿಗೆ ಕಾದರು. ಅವರು ಎಷ್ಟು ದಿನದಲ್ಲಿ ಬರೆದರೆಂದು ನಾನು ಕೇಳಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ.

ಇನ್ನು ನಿನ್ನ ಕಥೆ. ಶರಾವತಿಯ ಅಣೆಕಟ್ಟಿನ ನೀರಿಗೆ ಊರು ಬಿಟ್ಟ ನಮ್ಮ ಮನೆತನದ ಮುಳುಗಡೆಯ ಕಥೆ ಬರೆಯಬೇಕು ಎಂದಿದ್ದೀಯ. ಓದಿ ನನಗೆ ಮಾತು ಹೊರಡಲಿಲ್ಲ. ನಮ್ಮ ಮುಂದಿನವರಲ್ಲಿ ಒಬ್ಬರಾದರೂ ಇದನ್ನು ಕೇಳಲಿ ಎಂದು ನಾನು ಬಹಳ ವರ್ಷ ಕಾದಿದ್ದೇನೆ.

‘ನಾ. ಡಿಸೋಜ ಅವರು ಬರೆದಿಟ್ಟಿದ್ದಾರಲ್ಲ, ನಾನೇನು ಬರೆಯಲಿ’ ಎಂಬ ಅಳುಕೂ ನಿನಗಿದೆ. ನಿಜ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸದಲ್ಲಿದ್ದುಕೊಂಡು ಶರಾವತಿಯ ಜನ ಎದ್ದುಹೋಗುವುದನ್ನು ಕಣ್ಣಾರೆ ಕಂಡವರು ಅವರು. ‘ಮುಳುಗಡೆ’, ‘ದ್ವೀಪ’ ಎರಡನ್ನೂ ನೀನು ಓದಲೇಬೇಕು. ಆದರೆ ನೀರು ಏರುವುದನ್ನು ನೋಡಿದವರು ಬರೆದದ್ದು ಅದು. ನೀರು ಏರಿ ನಿಂತ ಮೂವತ್ತು ವರ್ಷಕ್ಕೂ ಮೇಲೆ ಹುಟ್ಟಿ, ‘ಮುಳುಗಡೆಯವರು’ ಎಂದು ಶಾಲೆಯಲ್ಲಿ ಕರೆಸಿಕೊಂಡು, ಊರು ಎಲ್ಲಿತ್ತು ಎಂದರೆ ಕೈತೋರಿಸಲು ಜಾಗವಿಲ್ಲದವಳ ಕಥೆ ಅವರು ಬರೆದಿಲ್ಲ. ಬರೆಯಲು ಸಾಧ್ಯವೂ ಇರಲಿಲ್ಲ. ಅದು ನಿನ್ನದು.

ಆದರೆ ಆ ಕಥೆಗೆ ಬೇಕಾದದ್ದು ನಿನ್ನ ಹತ್ತಿರ ಈಗ ಎಷ್ಟಿದೆ? ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ತುಂಬಿದಾಗ ನೀರಿನ ಮಟ್ಟ 1819 ಅಡಿ, ಶರಾವತಿಯ ವಿದ್ಯುದಾಗಾರ 1035 ಮೆಗಾವ್ಯಾಟಿನದು, ಇಷ್ಟು ಯಾರಿಗಾದರೂ ಸಿಗುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟವರು ಕಾಡಿನ ನಡುವೆ ಬುಡ್ಡಿದೀಪ ಹಚ್ಚಿಕೊಂಡು ಕೂತರು ಎಂಬುದನ್ನೂ, ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ ಎಂಬುದನ್ನೂ ಪತ್ರಿಕೆಗಳಲ್ಲಿ ಓದಬಹುದು. ಕಾದಂಬರಿ ಇವುಗಳಿಂದ ಆಗುವುದಿಲ್ಲ.

ನಮ್ಮ ಮನೆಯ ಮಾಡನ್ನು ಎಂದಾದರೂ ಕತ್ತೆತ್ತಿ ನೋಡಿದ್ದೀಯಾ? ಜಗಲಿಯ ಮೇಲಿನ ಪಕಾಸಿಗಳ ತುದಿಯಲ್ಲಿ ಉಳಿಯಿಂದ ಕೊರೆದ ಗೀರುಗಳಿವೆ. ಒಂದರ ಮೇಲೆ ಒಂದು ಗೀರು, ಪಕ್ಕದ್ದರ ಮೇಲೆ ಎರಡು, ಹಾಗೆಯೇ ಸಾಲಾಗಿ. ಹಳೆಯ ಮನೆ ಬಿಚ್ಚುವಾಗ ಯಾವ ಮರ ಎಲ್ಲಿಯದು ಎಂದು ಮರೆಯದಿರಲಿ ಅಂತ ಆಚಾರಿ ಹಾಕಿದ ಗುರುತು ಅದು. ಹೆಂಚು, ಕಂಬ, ದಾರಂದ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿದ್ದು ನನಗೆ ನೆನಪಿದೆ, ನಾನಾಗ ಪ್ರೈಮರಿ ಶಾಲೆಯ ಹುಡುಗ. ಗೀರುಗಳನ್ನು ಎಣಿಸುತ್ತಾ ಹೋಗು, ಏಳಾದ ಮೇಲೆ ಒಂಬತ್ತು ಬರುತ್ತದೆ. ಎಂಟು ಗೀರಿನ ಪಕಾಸಿ ಇಲ್ಲ, ಅಲ್ಲಿ ಗುರುತಿಲ್ಲದ ಕಾಡುಮರದ ತುಂಡಿದೆ. ಹೊಸ ಜಾಗದ ಮೊದಲ ಮಳೆಗಾಲದಲ್ಲಿ ಆ ಪಕಾಸಿ ಒಲೆಗೆ ಹೋಯಿತು ಎಂಬುದಷ್ಟೇ ನನಗೆ ಗೊತ್ತು. ಸುತ್ತ ಕಾಡೇ ಇರುವಾಗ ಮನೆಯ ಮರವನ್ನೇ ಯಾಕೆ ಕಡಿದರು, ಕಡಿದವರು ಯಾರು, ಅವತ್ತು ನಿನ್ನ ಅಜ್ಜ ಏನೆಂದರು? ಬಲ್ಲವಳು ನಿನ್ನ ಅಜ್ಜಿ ಒಬ್ಬಳೇ. ನಾನು ಕೇಳಿದಾಗಲೆಲ್ಲ ‘ಅದ್ಯಾಕೆ ಈಗ’ ಎಂದು ಎದ್ದು ಹೋಗಿದ್ದಾಳೆ. ಮೊಮ್ಮಗಳು ಕೇಳಿದರೆ ಹೇಳಬಹುದು.

ಅದಕ್ಕೇ ನನ್ನ ಮಾತು ಇಷ್ಟು: ಈ ನವೆಂಬರಿನಲ್ಲಿ ಕಾದಂಬರಿ ಬರೆಯಬೇಡ. ನಿನ್ನ ಆಫೀಸಿನ ಕಥೆಯೋ, ಪೇಯಿಂಗ್ ಗೆಸ್ಟ್ ಮನೆಯ ನಾಲ್ಕು ಹುಡುಗಿಯರ ಕಥೆಯೋ ಆಗಿದ್ದರೆ ಈಗಲೇ ಕೂರು ಎನ್ನುತ್ತಿದ್ದೆ, ಅದೆಲ್ಲ ನೀನು ಬದುಕುತ್ತಿರುವುದೇ. ಮುಳುಗಡೆಯ ಕಥೆಗೆ ಮಾತ್ರ ನೀನಿನ್ನೂ ಕೇಳಬೇಕಾದದ್ದು ಬೆಟ್ಟದಷ್ಟಿದೆ. ಕೇಳದೆ ಕೂತರೆ ಐದನೆಯ ಅಧ್ಯಾಯಕ್ಕೆ ನಿನ್ನ ಕಾದಂಬರಿಯಲ್ಲೂ ಕಾಫಿ ಬರುತ್ತದೆ. ಪದಗಳ ಲೆಕ್ಕ ತುಂಬಿಸುವುದೇ ಗುರಿಯಾದರೆ ಈಗ ಯಂತ್ರವೂ ಅರ್ಧ ಗಂಟೆಯಲ್ಲಿ ತುಂಬಿಸಿಕೊಡುತ್ತದಂತೆ. ಆ ಎಂಟನೆಯ ಪಕಾಸಿಯ ವಿಷಯ ಯಾವ ಯಂತ್ರಕ್ಕೂ ಗೊತ್ತಿಲ್ಲ.

ಅಜ್ಜಿಗೆ 90 ದಾಟಿದೆ. ಬೆಳಿಗ್ಗೆ ಕಾಫಿಯಾದ ಮೇಲೆ ಹತ್ತೂವರೆಯ ತನಕ ನೆನಪು ಸ್ವಚ್ಛ. ಮಧ್ಯಾಹ್ನ ಕಳೆದರೆ ಹೆಸರುಗಳು ಒಂದಕ್ಕೊಂದು ಬೆರೆತುಹೋಗುತ್ತವೆ, ನನ್ನನ್ನೇ ತೀರಿಹೋದ ಅವಳ ತಮ್ಮ ಎಂದುಕೊಳ್ಳುತ್ತಾಳೆ. ಹೋದ ವರ್ಷ ಹೀಗಿರಲಿಲ್ಲ.

ಅವಳ ಹತ್ತಿರ ಕೂತಾಗ ‘ಆಗ ನಿಂಗೆ ಹೇಗನ್ನಿಸ್ತು ಅಜ್ಜಿ’ ಎಂದು ಕೇಳಬೇಡ. ಅದಕ್ಕೆ ಅವಳು ‘ಏನನ್ನಿಸೋದು, ಎಲ್ಲರ ಹಾಗೆ ನಾವೂ ಹೊರಟ್ವಿ’ ಎಂದು ಮುಗಿಸಿಬಿಡುತ್ತಾಳೆ. ವಸ್ತು ಹಿಡಿದು ಕೇಳು. ಕೊಟ್ಟಿಗೆಯಲ್ಲಿ ಎಷ್ಟು ದನ ಇದ್ದವು, ಯಾವುದನ್ನು ಮಾರಿದರು, ಯಾವುದು ಲಾರಿ ಹತ್ತಲಿಲ್ಲ? ತುಳಸಿಕಟ್ಟೆ ಏನಾಯಿತು? ಕೊನೆಯ ದಿನ ಯಾವ ಪಾತ್ರೆಯಲ್ಲಿ ಅಡುಗೆ ಮಾಡಿದೆ, ಏನು ಮಾಡಿದೆ? ಅವಳು ಹೂಬತ್ತಿ ಹೊಸೆಯುತ್ತಾ ಕೂತಿರುವಾಗ ಕೇಳು, ಕೈಗೆ ಕೆಲಸವಿದ್ದರೆ ಅವಳ ಮಾತು ಸರಾಗ. ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಆದರೆ ಅವಳಿಗೆ ಹೇಳಿಯೇ ಮಾಡು. ನಡುವೆ ಸುಮ್ಮನಾದರೆ ನೀನೂ ಸುಮ್ಮನಿರು, ಮುಂದಿನ ಪ್ರಶ್ನೆಗೆ ಅವಸರ ಮಾಡಬೇಡ. ರಾತ್ರಿ ಮಲಗುವ ಮೊದಲು ಅವತ್ತು ಕೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡು, ನಿನ್ನ ಸಾಹಿತ್ಯ ಅದಕ್ಕೆ ಸೇರಿಸಬೇಡ. ದಿನಕ್ಕೆ ಒಂದೇ ಪುಟವಾದರೂ ಸಾಕು. ಅಟ್ಟದ ಟ್ರಂಕಿನಲ್ಲಿ ಪರಿಹಾರದ ನೋಟೀಸು, ಹಳೆಯ ಪಹಣಿ, ಅಜ್ಜನ ಅರ್ಜಿಗಳ ನಕಲು ಇವೆ. ಅದನ್ನು ನಾನು ಇಳಿಸಿಡುತ್ತೇನೆ.

ಬೇಸಿಗೆಯಲ್ಲಿ ನೀರು ಇಳಿದಾಗ ಇಬ್ಬರೂ ಹಿನ್ನೀರಿಗೆ ಹೋಗೋಣ. ಲಿಂಗನಮಕ್ಕಿಗೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟು, ನಮ್ಮವರು ಮಡೆನೂರು ಡ್ಯಾಮ್ ಅನ್ನುತ್ತಾರೆ, ಬಿರುಬೇಸಿಗೆಯಲ್ಲಿ ನೀರಿನಿಂದ ಮೇಲೆದ್ದು ಕಾಣುತ್ತದೆ. 1948ರಲ್ಲಿ ಕಟ್ಟಿದ್ದು ಅದು, ಆಗಲೂ ಒಂದಷ್ಟು ಊರು ಮುಳುಗಿದ್ದವು. ಒಂದು ಅಣೆಕಟ್ಟೇ ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದನ್ನು ನೀನು ಕಣ್ಣಾರೆ ನೋಡಬೇಕು. ಹಿನ್ನೀರಿನಾಚೆಯ ತುಮರಿ ಕಡೆಯವರನ್ನೂ ಮಾತಾಡಿಸೋಣ. 2025ರ ಜುಲೈನಲ್ಲಿ ಸೇತುವೆಯಾಗುವ ತನಕ ಅವರಿಗೆ ಆಸ್ಪತ್ರೆಗೂ ಸಂತೆಗೂ ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದ ರಾತ್ರಿಗಳ ಕಥೆ ಅಲ್ಲಿ ಮನೆಮನೆಯಲ್ಲಿದೆ. ಆಮೇಲೆ ಮುಂದಿನ ನವೆಂಬರ್ ಬರುತ್ತದೆ. ಆಗ ಪಣ ತೊಡು, ಆಫೀಸಿಗೆ ರಜೆ ಹಾಕು, ಮೂವತ್ತು ದಿನ ಯಾರ ಫೋನೂ ಎತ್ತಬೇಡ. ನಿಲ್ಲದೆ ಬರೆ. ಕರಡು ಮುಗಿದ ಮೇಲೆ ನನಗೆ ಕೊಡು, ಕಾಗುಣಿತದಿಂದ ಹಿಡಿದು ಎಲ್ಲವನ್ನೂ ಇಬ್ಬರೂ ಕೂತು ತಿದ್ದೋಣ.

ಗೆಳತಿಯರಿಗೆ ಹೇಗೆ ಹೇಳುವುದು ಎಂಬ ಸಂಕೋಚ ಇಟ್ಟುಕೊಳ್ಳಬೇಡ. ಅವರ ಕೈಯಲ್ಲಿ ಕಥೆ ಇದ್ದರೆ ಅವರು ಖಂಡಿತ ಬರೆಯಲಿ, ನೀನು ದಿನಾ ಅವರ ಪುಟ ಓದಿ ಹುರಿದುಂಬಿಸು. ನೀನು ಹಿಂದೆ ಸರಿದೆ ಎಂದು ಯಾರಾದರೂ ಆಡಿದರೆ, ದೊಡ್ಡಪ್ಪ ಬೇರೆ ಕೆಲಸ ಹಚ್ಚಿದ್ದಾರೆ ಅನ್ನು.

ತಾಳಗುಪ್ಪದ ರಾತ್ರಿ ರೈಲಿಗೆ ಈಗಲೇ ಟಿಕೆಟ್ ಮಾಡಿಸು, ದೀಪಾವಳಿ ಹೊತ್ತಿಗೆ ಸೀಟು ಸಿಗುವುದಿಲ್ಲ. ಒಂದು ವಾರವಾದರೂ ಇರುವ ಹಾಗೆ ಬಾ. ಯಾವತ್ತು ಬರುತ್ತೀ ಎಂದು ಇವತ್ತೇ ತಿಳಿಸು, ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನಿನ್ನ,
ದೊಡ್ಡಪ್ಪ